ಜೆಸಿಬಿ, ಟಿಪ್ಪರ್ ಓಡಾಡುವ ಸೈಟಿನಲ್ಲಿ ಜಾಗ್ರತೆಯಾಗಿರುವುದು ಹೇಗೆ?

ಡಿಪ್ಲೊಮಾ ಮುಗಿಸಿ ಬಿಜೈ ಕಡೆಯ ಕಟ್ಟಡದ ಕೆಲಸಕ್ಕೆ ಸೇರುತ್ತಿದ್ದೇನೆ, ದೊಡ್ಡ ಗಾಡಿಗಳ ಮಧ್ಯೆ ಓಡಾಡಲು ಹೆದರಿಕೆ ಎಂದಿದ್ದೀರಿ. ಮಂಗಳೂರು, ಉಡುಪಿ ಸೈಟುಗಳಲ್ಲಿ ಸೇಫ್ಟಿ ನೋಡಿಕೊಳ್ಳುವುದೇ ನನ್ನ ಕೆಲಸ. ಆ ಹೆದರಿಕೆ ಇರಲಿ, ಬಿಡಬೇಡಿ.

ಮೊದಲ ದಿನವೇ, ಇಂಜಿನ್ ಆಫ್ ಇರುವಾಗ ಡ್ರೈವರಣ್ಣನನ್ನು ಕೇಳಿ ಟಿಪ್ಪರ್ ಹತ್ತಿ ಕೂತು ನೋಡಿ. ಯಾರಾದರೂ ಗಾಡಿಗೆ ಒಂದು ಸುತ್ತು ಬರಲಿ. ಹಿಂದೆ, ಎಡ ಮಗ್ಗುಲಲ್ಲಿ, ಮುಂದಿನ ಗಾಜಿಗೆ ತೀರಾ ಹತ್ತಿರ ಬಂದಾಗ ಆಳು ಕಾಣುವುದೇ ಇಲ್ಲ. ನಿಮಗೆ ಗಾಡಿ ಕಾಣುತ್ತದೆ ಎಂದರೆ ಡ್ರೈವರಿಗೆ ನೀವು ಕಾಣುತ್ತೀರಿ ಎಂದಲ್ಲ.

ಮಣ್ಣು ಅಗೆಯುವ ಹಿಟಾಚಿಯ ಬಕೆಟಿಗೆ ಎಲ್ಲರೂ ಹೆದರುತ್ತಾರೆ, ಹಿಂಭಾಗವನ್ನು ಮರೆಯುತ್ತಾರೆ. ಬಕೆಟ್ ಒಂದು ಕಡೆ ತಿರುಗಿದರೆ ಹಿಂದಿನ ಭಾರದ ತುಂಡು ಇನ್ನೊಂದು ಕಡೆ ಬೀಸುತ್ತದೆ. ನಮ್ಮೂರಲ್ಲಿ ಗುಡ್ಡ ಕಡಿದು ಮಾಡಿದ ಇಕ್ಕಟ್ಟಿನ ಸೈಟುಗಳೇ ಜಾಸ್ತಿ. ಬರೆಗೂ, ಅಂದರೆ ಕಡಿದ ಗುಡ್ಡದ ಗೋಡೆಗೂ, ಗಾಡಿಗೂ ನಡುವೆ ಸಿಕ್ಕಿದವನಿಗೆ ಓಡಲು ಜಾಗವಿಲ್ಲ. ಹತ್ತಿರ ಹೋಗಲೇಬೇಕಾದರೆ ದೂರದಿಂದ ಕೈ ಎತ್ತಿ. ಆಪರೇಟರ್ ನಿಮ್ಮ ಮುಖ ನೋಡಿ, ಬಕೆಟ್ ನೆಲಕ್ಕಿಟ್ಟು, ಲಿವರಿನಿಂದ ಕೈ ತೆಗೆದ ಮೇಲೆ ಮಾತ್ರ ಹೆಜ್ಜೆ ಇಡಿ.

ರಿವರ್ಸ್ ಹಾರ್ನನ್ನು ನಂಬಬೇಡಿ. ದಿನವಿಡೀ ಕೇಳಿ ಕೇಳಿ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಿವರ್ಸ್ ಹೇಳುವವನು ಒಬ್ಬನೇ ಇರಬೇಕು, ಕನ್ನಡಿಯಲ್ಲಿ ಕಾಣುವಂತೆ ನಿಂತಿರಬೇಕು. ಅವನು ಕಾಣದಾದರೆ ಗಾಡಿ ನಿಲ್ಲಬೇಕು. ತುಳು, ಬ್ಯಾರಿ, ಹಿಂದಿ ಆಡುವವರೆಲ್ಲ ಒಂದೇ ಸೈಟಿನಲ್ಲಿರುತ್ತಾರೆ, ಆದ್ದರಿಂದ ಕೈಸನ್ನೆಗಳನ್ನು ಬೆಳಿಗ್ಗೆಯೇ ಗೊತ್ತುಮಾಡಿಕೊಳ್ಳಿ. ‘ಹೋಲ್ಡಾನ್’ ಎಂದು ಮಾತ್ರ ಯಾರು ಕೂಗಿದರೂ ನಿಲ್ಲಿಸಲೇಬೇಕು.

ಮಳೆಗಾಲ ಬೇರೆಯೇ ಕತೆ. ರೈನ್‌ಕೋಟಿನ ಟೊಪ್ಪಿ ಹಾಕಿದರೆ ಪಕ್ಕದಿಂದ ಬರುವ ಗಾಡಿ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ತಲೆಯನ್ನೇ ಪೂರ್ತಿ ತಿರುಗಿಸಿ ನೋಡಿ. ಇಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಅಡಿಯಲ್ಲಿ ಶೇಡಿ ಎನ್ನುವ ಜೇಡಿಯಂಥ ಮಣ್ಣಿರುತ್ತದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕುಸಿಯುತ್ತದೆ. ಗುಂಡಿಯ ಅಂಚಿಗೆ ಲೋಡಿನ ಗಾಡಿ ತರಲು ಬಿಡಬೇಡಿ. ಗುಂಡಿ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಇರಲಿ, ಮಳೆಯಲ್ಲಿ ಇನ್ನೂ ಹೆಚ್ಚು. ಟಿಪ್ಪರ್ ಡಬ್ಬಿ ಎತ್ತುವಾಗ ಮಗ್ಗುಲಲ್ಲಿ ನಿಲ್ಲಲೇಬೇಡಿ, ನೆಲ ಒಂದು ಕಡೆ ಜಗ್ಗಿದರೂ ಅದು ಅಡ್ಡ ಬೀಳುತ್ತದೆ.

ಡಬ್ಬಿ ಎತ್ತುವ ಮೊದಲು ಮೇಲಿನ ಕರೆಂಟ್ ತಂತಿಯನ್ನೂ ನೋಡಿ. ತಾಗಿಬಿಟ್ಟರೆ ಯಾರೂ ಗಾಡಿ ಮುಟ್ಟಬಾರದು, ಹತ್ತಿರವೂ ಹೋಗಬಾರದು. ಮೆಸ್ಕಾಂನವರು ಲೈನ್ ಆಫ್ ಮಾಡುವ ತನಕ ಡ್ರೈವರ್ ಒಳಗೇ ಕೂರಬೇಕು. ಬೆಂಕಿ ಹತ್ತಿಕೊಂಡರೆ ಮಾತ್ರ, ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹಾರಿ, ಪಾದ ಎತ್ತದೆ ಸಣ್ಣಗೆ ಜರುಗುತ್ತಾ ದೂರ ಹೋಗಬೇಕು. ಇದನ್ನು ನಿಮ್ಮ ಸೈಟಿನ ಡ್ರೈವರುಗಳಿಗೂ ಈಗಲೇ ಹೇಳಿಡಿ.