ಲೈಸೆನ್ಸ್ ಬಂದು ಮೂರು ತಿಂಗಳು, ಕೈಯಲ್ಲಿ ಐದು ಲಕ್ಷ: ಮೊದಲ ಕಾರು ಯಾವುದು ಕೊಳ್ಳಲಿ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ವಯಸ್ಸು 23, ಮೈಸೂರಿನಲ್ಲಿ ಮೊದಲ ಕೆಲಸ. ನಿಮ್ಮ ಉಳಿತಾಯ ಮತ್ತು ಅಪ್ಪ ಕೊಡುವ ಹಣ ಸೇರಿ ಐದು ಲಕ್ಷ ರೂಪಾಯಿ ಇದೆ. ತಿಂಗಳಿಗೆ ಒಂದೆರಡು ಸಲ ಸಂಪಾಜೆ ಘಾಟಿ ಇಳಿದು ಪುತ್ತೂರಿನ ಮನೆಗೆ ಹೋಗಿಬರಬೇಕು. ಸಾಲ ಮಾಡಿಯಾದರೂ ಹೊಸ ಕಾರನ್ನೇ ಕೊಂಡುಕೋ ಎಂದು ಅಪ್ಪ ಹೇಳುತ್ತಾರೆ. ಅದೇ ಹಣಕ್ಕೆ ಹತ್ತು ವರ್ಷ ಹಳೆಯದಾದ ದೊಡ್ಡ ಡೀಸೆಲ್ ಸೆಡಾನ್ ಬರುತ್ತದೆ ಎಂದು ಗೆಳೆಯರು ಹೇಳುತ್ತಾರೆ.

ಎರಡೂ ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಕರ್ನಾಟಕದಲ್ಲೇ ನೋಂದಣಿಯಾದ, 2020ರಿಂದ ಈಚಿನ, ಒಬ್ಬರೇ ಮಾಲೀಕರ ಬಳಿ ಇದ್ದ ಪೆಟ್ರೋಲ್ ಹ್ಯಾಚ್‌ಬ್ಯಾಕ್ (ಹಿಂದೆ ಡಿಕ್ಕಿ ಚಾಚಿರದ ಸಣ್ಣ ಕಾರು) ಹುಡುಕಿ. ಕಾರಿನ ಬೆಲೆಯನ್ನು 4 ಲಕ್ಷ 40 ಸಾವಿರದೊಳಗೆ ಮುಗಿಸಿ. ಉಳಿದ 60 ಸಾವಿರವನ್ನು ಸದ್ಯಕ್ಕೆ ಮುಟ್ಟಬೇಡಿ, ಅದು ಎಲ್ಲಿಗೆ ಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಕಾರನ್ನು ಗ್ಯಾರೇಜಿನಲ್ಲಿ ನೋಡಿ ನಷ್ಟದ ಲೆಕ್ಕ ಹಾಕುವುದು ನನ್ನ ಕಸುಬು. ನಿಮ್ಮ ವಯಸ್ಸಿನವರ ಮೊದಲ ಕಾರುಗಳು ಎಲ್ಲಿ, ಹೇಗೆ ಪೆಟ್ಟು ತಿನ್ನುತ್ತವೆ ಎಂಬುದನ್ನು ದಿನವೂ ನೋಡುತ್ತೇನೆ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹೊಸ ಕಾರು ಏಕೆ ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ನೋಂದಣಿಯ ಹೊತ್ತಿಗೆ ಒಮ್ಮೆಗೇ ಕಟ್ಟುವ ನಮ್ಮ ರಾಜ್ಯದ ಜೀವಾವಧಿ ತೆರಿಗೆ. ಈ ತೆರಿಗೆ ದೇಶದಲ್ಲೇ ಅತಿ ಹೆಚ್ಚು ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಐದು ಲಕ್ಷದವರೆಗಿನ ಕಾರಿಗೆ 13%, ಐದರಿಂದ ಹತ್ತು ಲಕ್ಷದವರೆಗೆ 14%, ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. ಶೋರೂಂ ಬೆಲೆ ಐದೂವರೆ ಲಕ್ಷ ಎಂದಿಟ್ಟುಕೊಳ್ಳಿ: ತೆರಿಗೆ 77 ಸಾವಿರ, ಸೆಸ್ ಎಂಟೂವರೆ ಸಾವಿರ, ಹೀಗೆ 85 ಸಾವಿರಕ್ಕೂ ಮಿಕ್ಕಿ ಹೋಗುತ್ತದೆ. ಇದರ ಮೇಲೆ ವಿಮೆ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿಯನ್ನು 18%ಕ್ಕೆ ಇಳಿಸಿದ್ದರಿಂದ ಹೊಸ ಕಾರಿನ ಬೆಲೆ ತಗ್ಗಿದ್ದು ನಿಜ. ಹಾಗಿದ್ದರೂ ಆರ್‌ಟಿಒಗೆ ಕಟ್ಟುವ ಈ ಹಣ ಕಾರು ಮಾರುವಾಗ ಪೂರ್ತಿಯಾಗಿ ಹಿಂತಿರುಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಅದನ್ನು ಮೊದಲ ಮಾಲೀಕರು ಕಟ್ಟಿ ಮುಗಿಸಿರುತ್ತಾರೆ. ಬೆಲೆ ಇಳಿಯುವ ಏಟನ್ನೂ ಅವರೇ ತಿಂದಿರುತ್ತಾರೆ: ವಿಮಾ ಲೆಕ್ಕದ ಪ್ರಕಾರ ವರ್ಷ ತುಂಬುವುದರೊಳಗೆ ಕಾರಿನ ಮೌಲ್ಯ 15% ಕಡಿಮೆ, ಐದನೇ ವರ್ಷದ ಹೊತ್ತಿಗೆ ಅರ್ಧ.

ಸಾಲದ ಮಾತಿಗೆ ಬಂದರೆ, ಮೂರು ಲಕ್ಷವನ್ನು 10% ಬಡ್ಡಿಗೆ ಏಳು ವರ್ಷಕ್ಕೆ ತೆಗೆದುಕೊಂಡರೆ ಕಂತು 5,000 ರೂಪಾಯಿ ಆಸುಪಾಸು. ಕೇಳಲು ಹಗುರ, ಆದರೆ ಬಡ್ಡಿಯೇ 1 ಲಕ್ಷ 18 ಸಾವಿರ. ಮೊದಲ ಕೆಲಸದಲ್ಲಿರುವವರು ಊರು ಬದಲಿಸಬಹುದು, ಕೆಲಸ ಬಿಡಬಹುದು, ಮುಂದೆ ಓದಬಹುದು. ಏಳು ವರ್ಷದ ಕಂತು ಆ ದಾರಿಗಳಿಗೆ ಅಡ್ಡ ನಿಲ್ಲಬಾರದು. ಅಪ್ಪನಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ. ಅವರಿಗೆ ಹೊಸ ಕಾರಿನ ಮೋಹಕ್ಕಿಂತ ನಿಮ್ಮ ಸುರಕ್ಷತೆಯ ಚಿಂತೆ ಹೆಚ್ಚಿರುತ್ತದೆ.

ಆ ಚಿಂತೆಗೆ ಉತ್ತರ ಕಾರು ತಯಾರಾದ ವರ್ಷದಲ್ಲಿದೆ. 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಅದೇ ಜುಲೈನಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ ಮತ್ತು ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಬಂದವು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2022ರ ಜನವರಿಯಲ್ಲಿ. ಗೆಳೆಯರು ಹೇಳುವ ಹತ್ತು ವರ್ಷದ ಸೆಡಾನಿನ ಕೆಳದರ್ಜೆಯ ಮಾದರಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲದಿರಬಹುದು. ಮೇಲಾಗಿ ಆ ವಯಸ್ಸಿನ ಡೀಸೆಲ್ ಎಂಜಿನ್ನಿನ ಟರ್ಬೊ, ಇಂಜೆಕ್ಟರ್ ಕೈಕೊಟ್ಟರೆ ಒಂದೇ ರಿಪೇರಿಗೆ ನಿಮ್ಮ ತಿಂಗಳ ಸಂಬಳ ಸಾಲದು. ಇನ್ನು ಐದೇ ವರ್ಷಕ್ಕೆ ಹದಿನೈದು ತುಂಬಿ ನೋಂದಣಿ ನವೀಕರಣದ ಓಡಾಟವೂ ಶುರುವಾಗುತ್ತದೆ. ಪಕ್ಕದ ಸೀಟಿನಲ್ಲಿ ಅಮ್ಮ ಕೂರುತ್ತಾರೆ ಎಂಬುದನ್ನು ನೆನಪಿಟ್ಟು ಹುಡುಕಿ. ಮುಂದೆ ಎರಡು ಏರ್‌ಬ್ಯಾಗ್ ಇಲ್ಲದ ಕಾರನ್ನು ಪಟ್ಟಿಯಿಂದಲೇ ತೆಗೆದುಬಿಡಿ.

ಇಷ್ಟು ಸೋಸಿದ ಮೇಲೆ ನನ್ನ ಮೊದಲ ಆಯ್ಕೆ ಟಾಟಾ ಟಿಯಾಗೊ, 2020ರ ಆರಂಭದಲ್ಲಿ ಬಂದ ಹೊಸ ರೂಪದ್ದು. ಆ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಕಾರನ್ನು ಗುದ್ದಿಸಿ ನೋಡುವ ಸುರಕ್ಷತಾ ಪರೀಕ್ಷೆಯಲ್ಲಿ ಅದಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಸಿಕ್ಕಿತು, ಎರಡು ಏರ್‌ಬ್ಯಾಗ್ ಕೆಳದರ್ಜೆಯ ಮಾದರಿಯಲ್ಲೂ ಇವೆ. ಮೂರು ಸಿಲಿಂಡರಿನ ಎಂಜಿನ್ ಸ್ವಲ್ಪ ನಡುಗುತ್ತದೆ, ಆ ಕೊರತೆ ಇದೆ. ಎರಡನೆಯದು ಹುಂಡೈ ಗ್ರ್ಯಾಂಡ್ ಐ10 ನಿಯೋಸ್: ಓಡಿಸಲು ಬಹಳ ಹಗುರ, ಕ್ಲಚ್ ಮೃದು, ಆದರೆ ಅದೇ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ಎರಡೇ ನಕ್ಷತ್ರ. ಮಾರುತಿಯ ವ್ಯಾಗನ್ ಆರ್ ಮತ್ತು ಸ್ವಿಫ್ಟ್‌ಗಳ ಬಿಡಿಭಾಗ ಯಾವ ಊರಿನಲ್ಲಾದರೂ ಸಿಗುತ್ತದೆ, ಮಾರುವಾಗ ಬೆಲೆಯೂ ಬರುತ್ತದೆ. ಪೆಟ್ಟು ತಡೆಯುವ ವಿಷಯದಲ್ಲಿ ಆ ವರ್ಷಗಳ ಮಾದರಿಗಳಿಗೆ ಒಳ್ಳೆಯ ಅಂಕ ಬಂದಿಲ್ಲ. ನನ್ನ ಕೆಲಸದ ಕಾರಣಕ್ಕೋ ಏನೋ, ನಾನು ಮಾರುವ ಬೆಲೆಗಿಂತ ನಕ್ಷತ್ರವನ್ನೇ ಮೊದಲು ನೋಡುತ್ತೇನೆ.

ಘಾಟಿಯ ಕಾರಣಕ್ಕೆ ಎಂಜಿನ್ 1.2 ಲೀಟರಿನದೇ ಇರಲಿ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ನಾಲ್ಕು ಜನ, ಹಲಸು, ತೆಂಗಿನಕಾಯಿ, ಏಸಿ ಎಲ್ಲ ಸೇರಿದರೆ ಒಂದು ಲೀಟರಿನ ಎಂಜಿನ್ ಏದುಸಿರು ಬಿಡುತ್ತದೆ. ಲಾರಿಯ ಹಿಂದೆ ಸಿಕ್ಕಿಕೊಂಡ ಹೊಸ ಚಾಲಕ ಆಗಲೇ ಅವಸರದಲ್ಲಿ ಎದುರು ಬದಿಗೆ ನುಗ್ಗುವುದು. ಎಂಜಿನ್ ಸಾವಿರ ಸಿಸಿ, ಅಂದರೆ ಒಂದು ಲೀಟರ್, ದಾಟಿದರೆ ಥರ್ಡ್ ಪಾರ್ಟಿ ವಿಮೆ (ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯದು) 2022ರಲ್ಲಿ ನಿಗದಿಯಾದ ದರದಂತೆ ವರ್ಷಕ್ಕೆ 2,094ರ ಬದಲು 3,416 ರೂಪಾಯಿ. ಆ ವ್ಯತ್ಯಾಸವನ್ನು ಸಂತೋಷದಿಂದ ಕೊಡಿ. ಗೇರು ಕೈಯಿಂದ ಹಾಕುವಂಥದ್ದೇ ಇರಲಿ. ಇಳಿಯುವಾಗ ಎರಡನೆಯ, ಮೂರನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಹಿಡಿಯುವುದನ್ನು ಕೈಕಾಲು ಕಲಿಯಬೇಕು.

ಇನ್ನು ಹೊರರಾಜ್ಯದ ಕಾರುಗಳು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತಿವೆ. ಬೆಲೆ ನೋಡಿ ಮರುಳಾಗಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಉಳಿಯಿತು ಎಂದುಕೊಂಡ ದುಡ್ಡು ಅಲ್ಲಿಗೇ ಹೋಗುತ್ತದೆ. ಕೆಎ ಎಂದು ಶುರುವಾಗುವ ನಂಬರ್ ಪ್ಲೇಟು ಬಿಟ್ಟು ಬೇರೆ ಬೇಡ.

ಕಾರು ನೋಡಲು ಹೋಗುವಾಗ ಬೆಳಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ. ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಹೇಳಿ, ಬಾನೆಟ್ ಮುಟ್ಟಿ ನೋಡಿ. ಹಳೆಯ ಎಂಜಿನ್ನಿನ ತೊಂದರೆಗಳು ಹೆಚ್ಚಾಗಿ ಮೊದಲ ಸ್ಟಾರ್ಟಿನಲ್ಲೇ ಗೊತ್ತಾಗುವುದು: ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ, ಅಲ್ಲಿಂದ ಹೊರಟುಬಿಡಿ. ಬಳಿಕ ಕೀಲಿ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಡ್ಯಾಶ್‌ಬೋರ್ಡ್ ನೋಡಿ. ಏರ್‌ಬ್ಯಾಗಿನ ಕೆಂಪು ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಆರದೆ ಹೊತ್ತಿಕೊಂಡೇ ಇದ್ದರೆ ದೋಷ. ಹೊತ್ತಲೇ ಇಲ್ಲದಿದ್ದರೆ ಅದು ಇನ್ನೂ ಕೆಟ್ಟದ್ದು. ಅಪಘಾತದಲ್ಲಿ ಏರ್‌ಬ್ಯಾಗ್ ಸ್ಫೋಟಿಸಿದ ಕಾರಿಗೆ ಹೊಸದನ್ನು ಹಾಕಿಸದೆ ಮುಚ್ಚಳ ಹೊಲಿಸಿ, ದೀಪದ ತಂತಿ ತಪ್ಪಿಸಿ ಮಾರುವವರಿದ್ದಾರೆ. ಮನುಷ್ಯರ ಪ್ರಾಣದ ಜೊತೆ ಆಡುವ ಇಂಥವರ ಮೇಲೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಕಳೆದ ವರ್ಷ ನನ್ನ ಮಗಳಿಗೆ ಕಾರು ಹುಡುಕುವಾಗ ಹಳೆ ಕಾರು ಮಾರುವವರ ಒಂದು ಅಂಗಳದಲ್ಲಿ ಬಿಳಿ ಹ್ಯಾಚ್‌ಬ್ಯಾಕ್ ನೋಡಿದೆವು. ಹೊಳೆಯುವ ಪೇಂಟು, ಒಳಗೆ ಸುಗಂಧ, ಹೊಸ ಸೀಟ್ ಕವರ್. ಮಗಳಿಗೆ ಮನಸ್ಸಾಗಿತ್ತು. ನಾನು ಚಾಲಕನ ಸೀಟ್ ಬೆಲ್ಟನ್ನು ನಿಧಾನವಾಗಿ ಕೊನೆಯವರೆಗೂ ಎಳೆದೆ. ದಿನನಿತ್ಯ ಹೊರಗೆ ಬರುವಷ್ಟು ಭಾಗ ಕಪ್ಪಗೆ ಶುಭ್ರವಾಗಿತ್ತು. ಅದರಾಚೆ, ಯಾವಾಗಲೂ ಸುರುಳಿಯೊಳಗೇ ಇರುವ ಭಾಗದಲ್ಲಿ, ನೀರು ನಿಂತು ಒಣಗಿದ ಕಂದು ಗೆರೆ ಅಡ್ಡಕ್ಕೆ ಮೂಡಿತ್ತು. ಬೆರಳಾಡಿಸಿದರೆ ಸಣ್ಣ ಮಣ್ಣು. ಸೀಟಿನ ಹಳಿಯ ಬೋಲ್ಟುಗಳೆಲ್ಲ ತುಕ್ಕು. ನೆರೆಯಲ್ಲಿ ಮುಳುಗಿದ ಕಾರು ಅದು. ವೈರಿಂಗಿನೊಳಗೆ ನೀರು ಹೊಕ್ಕ ಕಾರು ಯಾವ ದಿನ, ಯಾವ ತಿರುವಿನಲ್ಲಿ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ನೀವೂ ಬೆಲ್ಟ್ ಎಳೆಯಿರಿ, ನಾಲ್ಕೂ ಬೆಲ್ಟುಗಳನ್ನು.

ಬಾಗಿಲಿನ ರಬ್ಬರ್ ಬೀಡಿಂಗ್ ಅನ್ನು ಕೊಂಚ ಬಿಡಿಸಿ ನೋಡಿ. ಕಂಪನಿಯ ವೆಲ್ಡಿಂಗ್ ಆದರೆ ಸಣ್ಣ ವೃತ್ತಗಳು ಸಮನಾದ ಅಂತರದಲ್ಲಿ ಸಾಲಾಗಿರುತ್ತವೆ. ಟಿಂಕರಿಂಗ್ (ನುಗ್ಗಾದ ತಗಡನ್ನು ತಟ್ಟಿ, ಬೆಸೆದು ಸರಿಮಾಡುವುದು) ಆಗಿದ್ದರೆ ಸಾಲು ಮುರಿದಿರುತ್ತದೆ. ಬಾನೆಟ್ಟಿನ ಬೋಲ್ಟುಗಳ ತಲೆಯ ಮೇಲೆ ಪೇಂಟು ಎದ್ದಿದ್ದರೆ ಅದನ್ನು ಬಿಚ್ಚಿದ್ದಾರೆ ಎಂದು ತಿಳಿಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 2320 ಎಂದಿದ್ದರೆ 2020ರ 23ನೇ ವಾರದಲ್ಲಿ ತಯಾರಾದದ್ದು. ಮೀಟರಿನಲ್ಲಿ 25 ಸಾವಿರ ಕಿಲೋಮೀಟರ್ ತೋರಿಸುವ ಕಾರಿಗೆ ಆಗಲೇ ನಾಲ್ಕೂ ಹೊಸ ಟೈರು ಬಿದ್ದಿದ್ದರೆ, ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ, ಆ ಮೀಟರನ್ನು ನಂಬಬೇಡಿ. ಕಂಪನಿ ಸರ್ವೀಸ್ ಸೆಂಟರಿನ ಹಳೆಯ ಬಿಲ್ಲುಗಳಲ್ಲಿ ಕಿಲೋಮೀಟರ್ ಬರೆದಿರುತ್ತದೆ, ತಾಳೆ ನೋಡಿ. ಕೊನೆಗೆ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ, ಅವರ ಅರ್ಧ ದಿನದ ಕೂಲಿಯನ್ನು ಕೊಟ್ಟೇ ಕರೆದೊಯ್ಯಿರಿ. ಬ್ರೋಕರ್ ಸೂಚಿಸುವ ಮೆಕ್ಯಾನಿಕ್ ಬೇಡ.

ಕಾಗದಪತ್ರದಲ್ಲಿ ಆತುರ ಪಡಬೇಡಿ. ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಎಷ್ಟನೇ ಮಾಲೀಕರು, ಬ್ಯಾಂಕಿನ ಸಾಲ ಇದೆಯೇ, ವಿಮೆ ಎಂದಿನವರೆಗೆ ಎಂಬುದು ಗೊತ್ತಾಗುತ್ತದೆ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಕಟ್ಟದೆ ಉಳಿದ ಟ್ರಾಫಿಕ್ ದಂಡಗಳನ್ನು ಮಾರುವವರ ಕೈಯಿಂದಲೇ ಕಟ್ಟಿಸಿ.

ವಿಮೆಯ ವಿಷಯವನ್ನು ಒತ್ತಿ ಹೇಳಬೇಕು. ಕಾರು ಕೈಬದಲಾದಾಗ ಥರ್ಡ್ ಪಾರ್ಟಿ ರಕ್ಷಣೆ ಕಾನೂನಿನಂತೆ ತಾನಾಗಿ ನಿಮಗೆ ಬರುತ್ತದೆ. ನಿಮ್ಮ ಕಾರಿಗಾಗುವ ಹಾನಿಯ ರಕ್ಷಣೆ ಹಾಗೆ ಬರುವುದಿಲ್ಲ. ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಸಿ ಹೊಸಬರ ಹೆಸರಿನಲ್ಲಿ, ಪಾಲಿಸಿ ಹಳಬರ ಹೆಸರಿನಲ್ಲಿ ಇರುವ ಕಾರು ಗುದ್ದಿಕೊಂಡು ಬಂದು, ಕ್ಲೇಮ್ ಸಿಗದೆ ಮಕ್ಕಳು ಕಣ್ಣೀರು ಹಾಕುವುದನ್ನು ನೋಡಿದ್ದೇನೆ. ಹಳಬರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರದ್ದೇ, ನಿಮಗೆ ಸೇರುವುದಿಲ್ಲ. ಹಾಗಾಗಿ ಪ್ರೀಮಿಯಂ ಸ್ವಲ್ಪ ಏರುತ್ತದೆ. ಕಾರಿನ ವಯಸ್ಸಿಗೆ ಸಿಗುವುದಾದರೆ ಝೀರೊ ಡೆಪ್ (ಸವಕಳಿ ಕಳೆಯದೆ ಕ್ಲೇಮ್ ಕೊಡುವ ಹೆಚ್ಚುವರಿ ರಕ್ಷಣೆ) ತೆಗೆದುಕೊಳ್ಳಿ. ಹೊಸ ಚಾಲಕರ ಕಾರಿನಲ್ಲಿ ಮೊದಲು ಒಡೆಯುವುದು ಬಂಪರ್. ಅದು ಪ್ಲಾಸ್ಟಿಕ್, ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗದ ಅರ್ಧ ಬೆಲೆಯನ್ನು ಸವಕಳಿ ಎಂದು ಕಳೆದುಬಿಡುತ್ತಾರೆ.

ಈಗ ಆ 60 ಸಾವಿರ. ವಿಮೆ ಮತ್ತು ಹೆಸರು ವರ್ಗಾವಣೆಗೆ ಒಂದು ಪಾಲು. ಕಾರು ಮನೆಗೆ ಬಂದ ವಾರವೇ ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಬ್ರೇಕ್ ಪ್ಯಾಡ್, ವೈಪರ್ ಬದಲಿಸಲು ಇನ್ನೊಂದು ಪಾಲು. ಉಳಿದದ್ದು ಟೈರಿಗೆ. ಜೂನ್‌ನಲ್ಲಿ ಮಡಿಕೇರಿ ರಸ್ತೆಯ ಮಳೆ ನಿಮಗೇ ಗೊತ್ತು. ಐದು ವರ್ಷ ದಾಟಿದ ಟೈರು ನೋಡಲು ದಪ್ಪಗಿದ್ದರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಹೊಸ ಸ್ಟೀರಿಯೊ, ಅಲಾಯ್ ಚಕ್ರ, ಸನ್ ಫಿಲ್ಮ್ ಯಾವುದೂ ಈ ಹಣದಿಂದ ಬೇಡ. ಮೊದಲ ಕೆಲವು ಸಲ ಘಾಟಿಯನ್ನು ಹಗಲಿನಲ್ಲೇ, ಅನುಭವಿಗಳೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿಳಿಯಿರಿ.

ಎರಡು ಮೂರು ಕಾರು ಆಯ್ದುಕೊಂಡ ಮೇಲೆ ಅವುಗಳ ವರ್ಷ, ಓಡಿದ ಕಿಲೋಮೀಟರ್, ಈಗಿನ ಪಾಲಿಸಿಯಲ್ಲಿರುವ ಐಡಿವಿ (ವಿಮಾ ಕಂಪನಿ ಕಾರಿಗೆ ಕಟ್ಟಿದ ಮೌಲ್ಯ) ಮತ್ತು ಕೇಳುತ್ತಿರುವ ಬೆಲೆಯನ್ನು ಈ ಉತ್ತರದ ಕೆಳಗೆ ಬರೆಯಿರಿ, ನೋಂದಣಿ ಸಂಖ್ಯೆ ಹಾಕಬೇಡಿ. ಯಾವುದಕ್ಕೆ ಎಷ್ಟರವರೆಗೆ ಹೋಗಬಹುದು ಎಂದು ನೋಡಿ ಹೇಳುತ್ತೇನೆ.