ಅಂಕಲ್ ಟಾಮ್ ಹೇಡಿಯೇ?

ಪ್ರಶ್ನೆ: ‘ಅಂಕಲ್ ಟಾಮ್ಸ್ ಕ್ಯಾಬಿನ್’ ಗುಲಾಮಗಿರಿಯನ್ನು ವಿರೋಧಿಸಿದ ಕಾದಂಬರಿಯಾಗಿದ್ದರೂ ಅಮೆರಿಕದ ಕಪ್ಪು ಜನರಲ್ಲಿ ಅದರ ನಾಯಕನಾದ ಗುಲಾಮ ‘ಅಂಕಲ್ ಟಾಮ್’ನ ಹೆಸರು, ಬಿಳಿಯರಿಗೆ ತಲೆಬಾಗುವವನೆಂಬ ಅರ್ಥದ ಬೈಗುಳವಾದದ್ದು ಹೇಗೆ?

ಉತ್ತರ: ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಒಡೆಯರಿಗೆ ಮರಳಿಸಬೇಕೆಂದ 1850ರ ಪರಾರಿ ಗುಲಾಮರ ಕಾಯ್ದೆಯಿಂದ ನೊಂದು ಅಮೆರಿಕದ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರು ಬರೆದ ಈ ಕೃತಿಯ ಸುಮಾರು 3 ಲಕ್ಷ ಪ್ರತಿಗಳು, ಅದು ಪುಸ್ತಕವಾಗಿ ಬಂದ 1852ರಿಂದ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮಾರಾಟವಾದವು. ಆದರೆ ಬಹಳ ಮಂದಿ ಟಾಮ್‌ನನ್ನು ಕಂಡದ್ದು ರಂಗದ ಮೇಲೆ; ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಅವನನ್ನು ಒಡೆಯನ ಮುಂದೆ ಬಾಗುವ ಮುದುಕನನ್ನಾಗಿಸಿದರು. ಬೈಗುಳಕ್ಕೆ ಮುಖ್ಯ ಮೂಲ ಈ ರಂಗದ ಟಾಮ್. ತಪ್ಪಿಸಿಕೊಂಡ ಇಬ್ಬರು ಹೆಂಗಸರ ಸುಳಿವು ಕೊಡಲೊಪ್ಪದೆ, ಹೊಡೆತ ತಿಂದು ಪ್ರಾಣ ಬಿಡುವ ಕಾದಂಬರಿಯ ಟಾಮ್‌ನನ್ನು ಹೇಡಿಯೆನ್ನಲು ನನಗೆ ಮನಸ್ಸು ಬಾರದು. ಹಾಗೆಂದು ಕೃತಿ ದೋಷಮುಕ್ತವೇನಲ್ಲ. ಅದರ ಅತಿಭಾವುಕತೆಯ ವಿರುದ್ಧ ಅಮೆರಿಕದ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ 1949ರಲ್ಲಿ ಎತ್ತಿದ ಕಟುವಾದ ಆಕ್ಷೇಪವನ್ನೂ ತಾವು ಕಾದಂಬರಿಯ ಜೊತೆಗೇ ಓದಬೇಕೆಂದು ಕೋರುತ್ತೇನೆ.