ಸಿನಗಾಗ್ ಹೊರಗೆ ಊದಿದ ಶೋಫಾರ್ ಲೆಕ್ಕಕ್ಕೆ ಬರುತ್ತಾ?

ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ಉಡುಪಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರು ನೋಡಿಕೊಳ್ಳುವ ಅಜ್ಜ ಹಾಸಿಗೆ ಬಿಟ್ಟು ಏಳಲಾರರು. ಯಹೂದಿಗಳ ಹೊಸ ವರ್ಷ ರೋಶ್ ಹಶಾನಾ ದಿನ ಮಧ್ಯಾಹ್ನ ಒಬ್ಬ ಹುಡುಗ ಶೋಫಾರ್ ಎಂಬ ಟಗರಿನ ಕೊಂಬು ಹಿಡಿದು ಮನೆಗೆ ಬಂದನಂತೆ. ಅಜ್ಜ ಏನೋ ಮಂತ್ರ ಹೇಳಿದರು, ಹುಡುಗ ಊದಿದ, ಹೊರಟ. "ನಡುವೆ ಕಾಫಿ ಬೇಕಾ ಅಂತ ಕೇಳಿದೆ, ಕೈ ಆಡಿಸಿ ಸುಮ್ಮನಿರಿಸಿದ, ಬೇಜಾರಾಯ್ತು. ಇದು ಗುಡಿಗೆ ಹೋಗಲಾಗದವರಿಗೆ ಪ್ರಸಾದ ಮನೆಗೆ ತಂದುಕೊಟ್ಟ ಹಾಗಾ?" ಎಂದು ಕೇಳಿದ್ದಾರೆ.

ಮೊದಲು ಕಾಫಿ ವಿಷಯ. ಹುಡುಗ ಒರಟನಲ್ಲ. ಮಂತ್ರ ಹೇಳಿದ ಮೇಲೆ ಊದಿ ಮುಗಿಯುವವರೆಗೆ ಊದುವವರೂ ಕೇಳುವವರೂ ಮಾತಾಡಬಾರದು. ಅದಕ್ಕೇ ಕೈ ಆಡಿಸಿದ್ದು.

ಇನ್ನು ಪ್ರಸಾದ. ಪ್ರಸಾದ ಅಂದರೆ ಪೂಜೆ ಬೇರೆ ಕಡೆ ಆಗಿರುತ್ತದೆ, ಅದರ ಪಾಲು ನಿಮಗೆ ಬರುತ್ತದೆ. ಇಲ್ಲಿ ಹಾಗಲ್ಲ. ಆವತ್ತು ಅಜ್ಜನ ಕೋಣೆಯಲ್ಲಿ ಆದದ್ದೇ ಪೂರ್ತಿ ವಿಧಿ. ಯಾಕೆಂದರೆ ಅವರಿಗೆ ಇರುವ ಆಜ್ಞೆ ಕೊಂಬಿನ ದನಿ ಕೇಳಬೇಕು ಎಂಬುದು. ಅಜ್ಜ ಹೇಳಿದ ಮಂತ್ರವೂ ಅದೇ: ಶೋಫಾರ್ ದನಿ ಕೇಳಿ ಎಂದು ಆಜ್ಞೆ ಕೊಟ್ಟ ದೇವರಿಗೆ ಸ್ತುತಿ. ಹುಡುಗ ಅಷ್ಟು ಹೊತ್ತಿಗೆ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ತನ್ನ ಪಾಲಿನದು ಮುಗಿಸಿ ಬಂದಿರುತ್ತಾನೆ, ಅದಕ್ಕೇ ಮಂತ್ರವನ್ನು ಅಜ್ಜನ ಬಾಯಿಂದಲೇ ಹೇಳಿಸಿದ್ದು. ಜಾಗದ ಕಟ್ಟು ಇಲ್ಲ, ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹಾಗೆ ಹತ್ತು ಜನ ಸೇರಬೇಕೆಂದೂ ಇಲ್ಲ. ಹಗಲಾಗಿದ್ದರೆ ಸಾಕು.

ಸುಮಾರು 1,800 ವರ್ಷ ಹಿಂದೆ ಸಂಕಲನವಾದ ಯಹೂದಿ ಧರ್ಮನಿಯಮಗಳ ಗ್ರಂಥ ಮಿಶ್ನಾದಲ್ಲಿ ಇದರ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಮಾತಿದೆ. ಒಬ್ಬ ಸಿನಗಾಗ್ ಹಿಂದಿನಿಂದ ನಡೆದು ಹೋಗುತ್ತಿದ್ದಾನೆ, ಅಥವಾ ಅವನ ಮನೆಯೇ ಅದರ ಪಕ್ಕದಲ್ಲಿದೆ. ದನಿ ಕಿವಿಗೆ ಬಿತ್ತು. ಮನಸ್ಸಿಟ್ಟು ಕೇಳಿದರೆ ಅವನ ಕರ್ತವ್ಯ ಮುಗಿಯಿತು, ಇಲ್ಲದಿದ್ದರೆ ಇಲ್ಲ. ಇಬ್ಬರೂ ಕೇಳಿದ್ದು ಒಂದೇ ದನಿ, ಆದರೆ ಒಬ್ಬನಿಗೆ ಸಂದಿತು, ಇನ್ನೊಬ್ಬನಿಗೆ ಬರೀ ಸದ್ದಾಯಿತು! ಮಿಶ್ನಾವನ್ನು ಚರ್ಚಿಸುವ ದೊಡ್ಡ ಗ್ರಂಥ ತಾಲ್ಮುದ್ ಇನ್ನೂ ಮುಂದೆ ಹೋಗುತ್ತದೆ. ಒಂದೂರಲ್ಲಿ ಶೋಫಾರ್ ಊದುತ್ತಾರೆ, ಇನ್ನೊಂದೂರಲ್ಲಿ ಸಾಮೂಹಿಕ ಪ್ರಾರ್ಥನೆ ನಡೆಸುತ್ತಾರೆ, ಎರಡಕ್ಕೂ ಹೋಗಲು ಆಗದು, ಆಗ ಏನು ಮಾಡಬೇಕು? ಶೋಫಾರ್ ಇರುವ ಊರಿಗೇ ಹೋಗು ಎನ್ನುತ್ತದೆ. ಶೋಫಾರ್ ಯಹೂದಿಗಳ ಮೂಲ ಧರ್ಮಗ್ರಂಥ ತೋರಾದ ಆಜ್ಞೆ, ಆ ದಿನದ ಪ್ರಾರ್ಥನೆ ರಬ್ಬಿಗಳು, ಅಂದರೆ ಧರ್ಮಗುರುಗಳು, ಗೊತ್ತುಮಾಡಿದ್ದು. ಯಾವ್ನೆ ಊರಿನಲ್ಲಂತೂ ಸಿನಗಾಗ್‌ನದು ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮಷ್ಟಕ್ಕೆ ಊದುವ ಗದ್ದಲಕ್ಕೆ ಕಿವಿ ಕೇಳಿಸುತ್ತಿರಲಿಲ್ಲ ಎಂದೂ ಅದರಲ್ಲೇ ಇದೆ.

"ಸುಮಾರು ಮೂವತ್ತು ಸಲ ಊದಿದ" ಎಂದು ಬರೆದಿದ್ದೀರಿ. ಸರಿಯಾಗಿಯೇ ಎಣಿಸಿದ್ದೀರಿ. ಸಿನಗಾಗ್‌ನಲ್ಲಿ 100 ಊದುವ ರೂಢಿ ಇದೆ, ಮನೆಯಲ್ಲಿ ಕೇಳುವವರಿಗೆ 30 ಸಾಕು. ಆ 30ರ ಹಿಂದೆ ಒಂದು ಸಂಶಯ ಇದೆ. ತೆರುವಾ ಎಂಬ ದನಿ ಹೇಗಿರಬೇಕು, ನಿಟ್ಟುಸಿರಿನ ಹಾಗೋ, ಬಿಕ್ಕಿ ಬಿಕ್ಕಿ ಅತ್ತ ಹಾಗೋ, ಎರಡೂ ಸೇರಿಯೋ? ಸಿಸೇರಿಯಾದ ರಬ್ಬಿ ಅಬ್ಬಾಹು ಯಾವುದನ್ನೂ ಬಿಡಲಿಲ್ಲ, ಮೂರು ಥರವೂ ಊದಿ ಎಂದರು. ಪ್ರತಿಯೊಂದರ ಹಿಂದೆ ಮುಂದೆ ತೆಕಿಯಾ ಎಂಬ ಒಂದು ಉದ್ದನೆಯ ನೇರ ದನಿ. ಹೀಗೆ ಎರಡೂ ಸೇರಿದ ಥರದಲ್ಲಿ 4 ದನಿ, ಉಳಿದ ಎರಡರಲ್ಲಿ ಮೂರು ಮೂರು, ಪ್ರತಿಯೊಂದೂ ಮೂರು ಸಲ. ಕೂಡಿದರೆ 30.

ಅಜ್ಜನ ಮೊಮ್ಮಗ ಫೋನಿನಲ್ಲಿ ರೆಕಾರ್ಡಿಂಗ್ ಕಳಿಸಿದ್ದ, ಅದು ಸಾಲದಾ ಎಂದೂ ಕೇಳಿದ್ದೀರಿ. ಸಾಲದು. ಗುಂಡಿಯೊಳಗೆ ಊದಿದರೆ ಶೋಫಾರ್ ದನಿ ಕೇಳಿದವನಿಗೆ ಸಂದಿತು, ಪ್ರತಿಧ್ವನಿ ಕೇಳಿದವನಿಗೆ ಸಲ್ಲದು ಎಂದು ಮಿಶ್ನಾದಲ್ಲೇ ಇದೆ. ಫೋನು, ರೇಡಿಯೋ ಬಂದಾಗ ಹೆಚ್ಚಿನ ರಬ್ಬಿಗಳು ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಟ್ಟುನಿಟ್ಟಾಗಿ ಇರುವವರು ಹಬ್ಬದ ದಿನ ಫೋನ್ ಮುಟ್ಟುವುದೂ ಇಲ್ಲ. ಅದಕ್ಕೇ 2020ರಲ್ಲಿ ಕೋವಿಡ್ ಕಾಲದಲ್ಲಿ ಎಷ್ಟೋ ಊರುಗಳಲ್ಲಿ ಪಾರ್ಕು, ಬೀದಿ, ಬಾಲ್ಕನಿಗಳಲ್ಲಿ ನಿಂತು ಊದಿದರು, ಕೆಲವರು ಕೊಂಬಿನ ಬಾಯಿಗೇ ಮಾಸ್ಕ್ ಕಟ್ಟಿಕೊಂಡು! ಜೂಮ್ ಇದ್ದರೂ ಅಷ್ಟೆಲ್ಲ ಪಾಡು ಪಟ್ಟಿದ್ದು ಇದಕ್ಕೇ.

2023ರಲ್ಲಿ ಹಬ್ಬದ ಮೊದಲ ದಿನ ಯಾರೂ ಬರಲಿಲ್ಲ, ಮಾರನೇ ದಿನ ಬಂದರು ಎಂಬ ನಿಮ್ಮ ದೂರಿಗೂ ಕಾರಣ ಇದೆ. ಆವತ್ತು ಶನಿವಾರ, ಯಹೂದಿಗಳ ವಾರದ ವಿಶ್ರಾಂತಿ ದಿನ ಸಬ್ಬತ್. ಆ ದಿನ ಬೀದಿಯಲ್ಲಿ ವಸ್ತು ಹೊತ್ತು ನಡೆಯುವ ಹಾಗಿಲ್ಲ, ಯಾರಾದರೂ ಕೊಂಬು ಹಿಡಿದು ನಡೆದಾರು ಎಂಬ ಭಯಕ್ಕೆ ಸಬ್ಬತ್ ದಿನ ಊದುವುದನ್ನೇ ಬಿಟ್ಟಿದ್ದಾರೆ. 2020ರಲ್ಲೂ ಹೀಗೇ ಆಗಿತ್ತು. ಅಜ್ಜನ ಮನೆಗೆ ಬಂದ ಹುಡುಗನಂತೆ ಮನೆ ಮನೆಗೆ ಹೋಗುವವರು ಇದ್ದೇ ಇರುತ್ತಾರಲ್ಲ, ಆ ಭಯ ಸುಮ್ನೆ ಹುಟ್ಟಿದ್ದಲ್ಲ.

ಪಕ್ಕದ ಮನೆ ಹುಡುಗ ಹಬ್ಬಕ್ಕೆ ಮುಂಚೆ ತಿಂಗಳಿಡೀ ಪೆಂ ಪೆಂ ಅನ್ನಿಸುತ್ತಾನೆ ಅಂದಿದ್ದೀರಿ. ಏನೂ ಮಾಡುವ ಹಾಗಿಲ್ಲ! ಹಬ್ಬದ ದಿನ ದೊಡ್ಡವರು ತಮ್ಮ ಪಾಲಿನದು ಮುಗಿದ ಮೇಲೆ ಸುಮ್ನೆ ಊದುವ ಹಾಗಿಲ್ಲ, ಆದರೆ ಮಕ್ಕಳು ಅಭ್ಯಾಸ ಮಾಡಿದರೆ ತಡೆಯಬೇಡಿ ಎಂದು ಮಿಶ್ನಾ ಹೇಳುತ್ತದೆ. ಬೇರೆ ದಿನಗಳಲ್ಲಿ ಅಭ್ಯಾಸಕ್ಕೆ ಯಾರ ತಡೆಯೂ ಇಲ್ಲ. ಟೆಲ್ ಅವೀವ್ ಬೀದಿಗಳಲ್ಲಿ ಪ್ರತಿಭಟನೆಗೂ ಊದುತ್ತಾರೆ, ಅದು ಬೇರೆ ಕಥೆ.

ಅಜ್ಜನ ಮಗಳು ತಡವಾಗಿ ಬಂದರು, ಹುಡುಗ ಅವರಿಗಾಗಿ ಇನ್ನೊಮ್ಮೆ ಊದಿದ ಎಂದು ಆಶ್ಚರ್ಯಪಟ್ಟಿದ್ದೀರಿ. ಹೊತ್ತಿಗೆ ಕಟ್ಟುಬಿದ್ದ ಆಜ್ಞೆಗಳಿಂದ ಹೆಂಗಸರಿಗೆ ವಿನಾಯಿತಿ ಇದೆ, ಆದರೂ ಅವರು ಶೋಫಾರ್ ಕೇಳುವುದನ್ನು ಬಿಟ್ಟಿಲ್ಲ. ಹಾಗಾಗಿ ಅವರಿಗಾಗಿ ಮತ್ತೆ ಊದುವುದು ಹೊಸದೇನಲ್ಲ. ನೀವು ಅಲ್ಲೇ ನಿಂತು ಕೇಳಿದ್ದರಿಂದಲೂ ಯಾವ ತೊಂದರೆಯೂ ಇಲ್ಲ. ಮುಂದಿನ ಸಲ ಆ ಹುಡುಗ ಬರುವ ಮೊದಲೇ ಫ್ಯಾನು, ಟಿವಿ ಸದ್ದು ಇಲ್ಲದ ಹಾಗೆ ನೋಡಿಕೊಳ್ಳಿ, ಪ್ರತಿ ದನಿಯೂ ಶುರುವಿನಿಂದ ಕೊನೆಯವರೆಗೆ ಅಜ್ಜನಿಗೆ ಕೇಳಿಸಬೇಕು. ಕಾಫಿಯನ್ನು ಆಮೇಲೆ ಕೇಳಿ.

— ಸಂ.